ಇಳಿಯುವ ಮೊದಲು ಏರುವುದನ್ನು ಕಲಿಯಿರಿ

ಮಸ್ಕತ್ತಿನ ಕನ್ನಡ ಚಾರಣಿಗ ಗೆಳೆಯರಿಗೆ,



ಶುಕ್ರವಾರ ಬೆಳಗಾಯಿತೆಂದರೆ ರೂವಿ, ಘಾಲಾ, ಅಲ್ ಖುವೈರ್‌ಗಳಿಂದ ಗಾಡಿ ಹತ್ತಿ ಹಜರ್ ಬೆಟ್ಟಸಾಲಿನ ಕಡೆ ಹೊರಡುವವರು ನೀವು. ವಾದಿ ಎನ್ನುವ ಕಣಿವೆಗಳ ನೀರಲ್ಲಿ ಈಜುತ್ತೀರಿ, ಬಂಡೆ ಹತ್ತುತ್ತೀರಿ, ಕತ್ತಲಾದ ಮೇಲೆ ಎಲ್ಲಾದರೂ ಒಲೆ ಹೂಡಿ ಚಿತ್ರಾನ್ನ ಕಲಸುತ್ತೀರಿ. ಆ ದೇಶದಲ್ಲಿ ಬಹಳ ವರ್ಷ ದುಡಿದು, ಅಲ್ಲಿನ ಸುಣ್ಣಕಲ್ಲಿಗೆ ಬೆರಳು ಸವೆಸಿ ಊರಿಗೆ ಮರಳಿದವನು ನಾನು. ಹಾಗಾಗಿ ನಿಮ್ಮ ಸುದ್ದಿ ಕಿವಿಗೆ ಬೀಳುತ್ತಲೇ ಇರುತ್ತದೆ. ಈ ಚಳಿಗಾಲ ಸಲ್ಮಾ ಪ್ರಸ್ಥಭೂಮಿಗೆ ಹೋಗಿ, ಅಲ್ಲಿನ ಆಳದ ಗುಳಿಯೊಂದಕ್ಕೆ ಹಗ್ಗ ಬಿಟ್ಟು ಇಳಿದು, ಒಳಗೋಡೆಯನ್ನು ಹತ್ತಿಕೊಂಡು ಬಾಯಿಯಿಂದ ಹೊರಬರಬೇಕು ಎಂಬ ಯೋಚನೆ ನಿಮ್ಮ ನಡುವೆ ಬಲವಾಗಿದೆಯಂತೆ. ಹೋಗಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಹೋಗುವ ಕ್ರಮ ತಲೆಕೆಳಗಾಗಿದೆ ಎಂದು ಹೇಳಲು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಕೆಲವರು ಬಾದಾಮಿಯ ಕೆಂಪು ಗೋಡೆಗಳಲ್ಲಿ ಕೈ ಪಳಗಿಸಿಕೊಂಡವರು. ಕೆಲವರು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಶುರು ಮಾಡಿ ರಾಮನಗರಕ್ಕೆ ದಾಟಿದವರು. ಹತ್ತುವುದು ನಿಮಗೆ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾದಾಮಿಯಲ್ಲಿ ಕೈ ಸೋತರೆ ಏನಾಗುತ್ತದೆ? ಕೆಳಗೆ ನಿಂತು ಬಿಲೇ ಹಗ್ಗ ಹಿಡಿದವನು ನಿಧಾನ ಕೆಳಗೆ ಬಿಡುತ್ತಾನೆ, ಕಾಲು ನೆಲಕ್ಕೆ ತಾಗುತ್ತದೆ, ಶೂ ಬಿಚ್ಚಿ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿದು ಮನೆಗೆ ಹೋಗಬಹುದು. ಗುಳಿಯೊಳಗೆ ಕೈ ಸೋತರೂ ಕೆಳಗೇ ಬಿಡುತ್ತಾರೆ. ಅಲ್ಲಿಂದ ಮನೆಗೆ ದಾರಿ ಇಲ್ಲ. ಸೋತವನು ಗುಳಿಯ ತಳದಲ್ಲಿ ನಿಂತಿರುತ್ತಾನೆ, ಮನೆಯ ದಾರಿ ನೂರೈವತ್ತು ಮೀಟರ್ ಮೇಲಿರುತ್ತದೆ. ಬಂಡೆ ಹತ್ತುವವರಿಗೆಲ್ಲ ಅಭ್ಯಾಸವಾಗಿರುವ ಲೆಕ್ಕ ಇಲ್ಲಿ ಉಲ್ಟಾ. ನನ್ನ ತಕರಾರು ಇಷ್ಟೇ: ಗೋಡೆ ಹತ್ತುವ ಆಸೆ ಆಮೇಲೆ, ಮೊದಲು ಹಗ್ಗದ ಮೇಲೆ ತಾನೇ ತಾನಾಗಿ ಹತ್ತಿ ಬರುವುದು ಪ್ರತಿಯೊಬ್ಬರಿಗೂ ಬರಬೇಕು.

ಈ ಗುಳಿಗಳು ಆದದ್ದು ಹೇಗೆ ಎಂಬುದನ್ನು ಸ್ವಲ್ಪ ನೋಡಿದರೆ ಒಳಗೆ ಹತ್ತುವುದು ಯಾಕೆ ಅಷ್ಟು ಕಷ್ಟ ಎನ್ನುವುದೂ ತಿಳಿಯುತ್ತದೆ. ಮಳೆ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳು ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಅದನ್ನು ಕರಗಿಸುತ್ತ ಹೋಗುತ್ತದೆ. ಒಳಗೆ ಟೊಳ್ಳು ಬೆಳೆಯುತ್ತದೆ, ಮೇಲೆ ಛಾವಣಿ ಉಳಿದಿರುತ್ತದೆ. ಟೊಳ್ಳು ದೊಡ್ಡದಾದಂತೆ ಛಾವಣಿಯ ತುಂಡುಗಳು ಕಳಚಿ ಬೀಳುತ್ತವೆ, ಒಂದು ದಿನ ಆಕಾಶ ಕಾಣುತ್ತದೆ. ಆದ್ದರಿಂದಲೇ ಇಂಥ ಗುಳಿಗಳಲ್ಲಿ ಬಹಳಷ್ಟಕ್ಕೆ ಬಾಯಿ ಚಿಕ್ಕದು, ಒಡಲು ದೊಡ್ಡದು. ತಳದಲ್ಲಿ ನಿಂತು ಮೇಲೆ ನೋಡುವವನು ಮಡಕೆಯೊಳಗೆ ಬಿದ್ದ ಇರುವೆಯ ಹಾಗೆ. ಗೋಡೆ ಮೊದಲು ನೇರ ಏರುತ್ತದೆ, ಆಮೇಲೆ ತಲೆಯ ಮೇಲೆ ಬಾಗುತ್ತದೆ, ಕೊನೆಗೆ ಛಾವಣಿಯಾಗಿ ಮಲಗುತ್ತದೆ. ಎಲ್ಲಕ್ಕಿಂತ ಕಷ್ಟದ ಭಾಗ ಬರುವುದು ಎಲ್ಲಕ್ಕಿಂತ ಸುಸ್ತಾದ ಹೊತ್ತಿಗೆ.

ನೀವು ಕಣ್ಣಿಟ್ಟಿರುವ ಮಜ್ಲಿಸ್ ಅಲ್ ಜಿನ್ನ್ ಇದರ ದೊಡ್ಡ ಮಾದರಿ. ಸಲ್ಮಾ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1300 ಮೀಟರಿಗೂ ಎತ್ತರದಲ್ಲಿ, ಬಕ್ಕ ನೆಲದ ನಡುವೆ ಮೂರು ತೂತುಗಳಷ್ಟೇ ಕಾಣುತ್ತವೆ. ಕೆಳಗಿರುವ ಕೋಣೆ ಸುಮಾರು 310 ಮೀಟರ್ ಉದ್ದ, 225 ಮೀಟರ್ ಅಗಲ. ಗುಮ್ಮಟದ ಎತ್ತರ 120 ಮೀಟರ್, ಒಳಗಿನ ಗಾತ್ರ 40 ಲಕ್ಷ ಘನ ಮೀಟರ್. ಪ್ರಪಂಚದ ಅತಿ ದೊಡ್ಡ ಗುಹಾ ಕೋಣೆಗಳಲ್ಲಿ ಒಂದು. ಅಲ್ಲಿನ ಕುರಿಗಾಹಿಗಳಿಗೆ ಈ ತೂತುಗಳು ಮೊದಲಿನಿಂದ ಗೊತ್ತಿದ್ದವು. ಹೊರಗಿನವರು ಇಳಿದದ್ದು 1983ರಲ್ಲಿ. ಒಮಾನಿನ ಜಲಸಂಪನ್ಮೂಲ ಪ್ರಾಧಿಕಾರ ನೆಲದಡಿಯ ನೀರಿಗಾಗಿ ಸುಣ್ಣಕಲ್ಲಿನ ಪದರಗಳನ್ನು ಹುಡುಕಿಸುತ್ತಿದ್ದಾಗ ಡಾನ್ ಡೇವಿಸನ್ ಎಂಬ ಅಮೆರಿಕದ ಜಲಭೂವಿಜ್ಞಾನಿ ಮೊದಲ ತೂತಿನಿಂದ ಹಗ್ಗ ಹಿಡಿದು ಇಳಿದರು. ಮರುವರ್ಷ ಅವರ ಜತೆಗಾರ್ತಿ ಷೆರಿಲ್ ಜೋನ್ಸ್ ಇನ್ನೊಂದು ತೂತಿನಿಂದ ಇಳಿದರು. ಅದು 158 ಮೀಟರ್, ಎಲ್ಲಿಯೂ ಗೋಡೆ ತಾಗದ ನೇರ ಇಳಿತ. ಆ ತೂತಿಗೆ ಇವತ್ತಿಗೂ ಅವರದೇ ಹೆಸರಿದೆ. ನೀರು ಹುಡುಕಲು ಹೋದವರಿಗೆ ಸಿಕ್ಕಿದ್ದು ಒಣಗಿದ, ಹೆಚ್ಚೂಕಡಿಮೆ ಖಾಲಿ ಮಹಾಮನೆ.

ನಿಮ್ಮ ವಾದ ನನಗೆ ಗೊತ್ತು. "ಕ್ರಿಸ್ ಶರ್ಮಾ, ಸ್ಟೆಫಾನ್ ಗ್ಲೋವಾಕ್ಸ್ ಅಲ್ಲಿ ಹತ್ತಲಿಲ್ಲವೇ?" ಹತ್ತಿದರು. 2014ರಲ್ಲಿ ತಳದಿಂದ ಶುರು ಮಾಡಿ, ಗುಮ್ಮಟದ ಒಳಮೈಗೆ ತಲೆಕೆಳಗಾಗಿ ಜೋತು ತೆವಳಿ, ಬಾಯಿಯಿಂದ ಬೆಳಕಿಗೆ ಬಂದರು. ಸುಮಾರು 300 ಮೀಟರ್, 13 ಪಿಚ್ (ಹಗ್ಗದ ಹಂತ), ದರ್ಜೆ 8ಬಿ+. 'ಇನ್‌ಟು ದ ಲೈಟ್' ಎಂದು ಹೆಸರಿಟ್ಟರು. ಬಾದಾಮಿಯಲ್ಲಿ 'ಗಣೇಶ' ಎಂಬ ಮಾರ್ಗದ ಕೆಳಗೆ ನಿಂತು ಕತ್ತು ನೋಯಿಸಿಕೊಂಡವರಿಗೆ ಆ ದರ್ಜೆ ಏನೆಂದು ವಿವರಿಸಬೇಕಿಲ್ಲ. ಅದು ಒಂದೇ ಪಿಚ್, ಇದು ಹದಿಮೂರು. ಸಾಹಸ ದೊಡ್ಡದೇ. ಆದರೆ ಆ ಚಿತ್ರಗಳನ್ನು ನೋಡುವಾಗ ನಿಮ್ಮ ಕಣ್ಣು ಹೋಗುವುದು ಛಾವಣಿಗೆ ಜೋತ ಶರ್ಮಾನ ಕೈಗಳಿಗೆ. ನನ್ನ ಕಣ್ಣು ಹೋಗುವುದು ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿರುವ ಆ ಬಿಳಿ ಹಗ್ಗಕ್ಕೆ. ಮೊದಲೇ ಬೋಲ್ಟ್ ಕೊರೆದು, ಹೋಗಿ ಬರುವ ಹಗ್ಗ ಕಟ್ಟಿ, ವಿಶೇಷ ಅನುಮತಿ ಪಡೆದು, ಕ್ಯಾಮೆರಾದವರನ್ನೂ ಸೇರಿಸಿದ ತಂಡ ಕಟ್ಟಿಕೊಂಡು ಹೋದ ವೃತ್ತಿಪರರು ಅವರು. ಹತ್ತಲಾಗದ ದಿನ ಆ ಹಗ್ಗದಲ್ಲಿ ಮೇಲೆ ಹೋಗುವುದು ಅವರಿಗೆ ದಿನನಿತ್ಯದ ಕೆಲಸ. 2007ರಲ್ಲಿ ಎತ್ತರದಿಂದ ಜಿಗಿಯುವ ಸಾಹಸಿ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಇದೇ ಗುಳಿಯೊಳಕ್ಕೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ. ಅವನೂ ವಾಪಸ್ ಬರುವ ವ್ಯವಸ್ಥೆ ಇಲ್ಲದೆ ಹಾರಲಿಲ್ಲ.

ಈಗ ಆ ಹಗ್ಗದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ಯೋಜನೆಯಲ್ಲಿ ಅದಕ್ಕೆ ಸಿಕ್ಕಿರುವುದು ಅರ್ಧ ಸಾಲು: "ಆಗದಿದ್ದರೆ ಜುಮಾರ್ ಮಾಡೋಣ." ಜುಮಾರ್ ಮಾಡುವುದೆಂದರೆ ಏನು? ಎದೆಯ ಹತ್ತಿರ ಒಂದು ಹಿಡಿಕ್ಲಿಪ್ಪು, ಕೈಯಲ್ಲಿ ಇನ್ನೊಂದು, ಅದಕ್ಕೆ ಕಾಲಿನ ಕುಣಿಕೆ. ಕೈಯದನ್ನು ಮೇಲೆ ಸರಿಸಿ, ಮೊಣಕಾಲು ಮಡಚಿ, ಕುಣಿಕೆಯ ಮೇಲೆ ಎದ್ದು ನಿಂತರೆ ಎದೆಯ ಕ್ಲಿಪ್ಪು ತಾನೇ ಮೇಲೆ ಜಾರುತ್ತದೆ. ಮತ್ತೆ ಕೂರಬೇಕು, ಮತ್ತೆ ಏಳಬೇಕು. ಒಂದು ಸಲ ಎದ್ದರೆ ಸಿಗುವುದು ಮೊಳಕ್ಕಿಂತ ಕಡಿಮೆ. 158 ಮೀಟರಿಗೆ ಲೆಕ್ಕ ಹಾಕಿ: ನಾನೂರಕ್ಕೂ ಹೆಚ್ಚು ಸಲ ಕೂತು ಏಳಬೇಕು. ಅದೂ ಮೊದಲ ಹತ್ತು ಹದಿನೈದು ಸಲ ನೆಲ ಬಿಟ್ಟು ಮೇಲೇಳುವುದೇ ಇಲ್ಲ, ಹಗ್ಗ ಹಿಗ್ಗುವುದರಲ್ಲೇ ಮುಗಿಯುತ್ತದೆ. ಆಮೇಲೆ ಗೋಡೆ ದೂರ ಸರಿಯುತ್ತದೆ. ಕಾಲು ಊರಲು ಏನೂ ಇಲ್ಲದೆ ಮೈ ನಿಧಾನ ತಿರುಗಲು ಶುರುವಾಗುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅರ್ಧ ದಾರಿಯಲ್ಲಿ ತೋಳು ಹಿಡಿದುಕೊಳ್ಳುತ್ತದೆ, ಏಕೆಂದರೆ ಹೊಸಬರೆಲ್ಲ ಕಾಲಿನಿಂದ ಏಳುವ ಬದಲು ಕೈಯಿಂದ ಎಳೆಯುತ್ತಾರೆ. ಹಾರ್ನೆಸ್ಸಿನ ಪಟ್ಟಿ ತೊಡೆಸಂದಿಗೆ ಕಚ್ಚುತ್ತದೆ. ಪಳಗಿದವರಿಗೆ ಇದು ಸಾಮಾನ್ಯ ಕೆಲಸ. ಪಳಗದವರಿಗೆ ಒಂದು ಗಂಟೆ ಮೀರುತ್ತದೆ, ಆ ಹೊತ್ತಿಗೆ ಕೆಳಗೆ ಸರದಿ ಕಾಯುತ್ತಿರುವವರು ಇನ್ನೂ ನಾಲ್ಕು ಮಂದಿ.

ಕೊನೆಗೆ ಅಂಚು. ನಿಮ್ಮದೇ ಭಾರಕ್ಕೆ ಹಗ್ಗ ಬಂಡೆಯಂಚಿಗೆ ಬಿಗಿದು ಕೂತಿರುತ್ತದೆ, ಹಗ್ಗಕ್ಕೂ ಕಲ್ಲಿಗೂ ನಡುವೆ ಬೆರಳು ತೂರುವಷ್ಟೂ ಸಂದಿಲ್ಲ, ಜುಮಾರ್ ಮೇಲೆ ಸರಿಯುವುದೇ ಇಲ್ಲ. ಎರಡು ಅಡಿ ಆಚೆ ಗೆಳೆಯರ ಚಪ್ಪಲಿ ಕಾಣುತ್ತಿರುತ್ತದೆ. ಅಲ್ಲಿ ಅತ್ತವರನ್ನು ನೋಡಿದ್ದೇನೆ, ಗಟ್ಟಿ ಆಳುಗಳನ್ನೇ. ಅಂಚು ದಾಟುವ ಉಪಾಯಗಳಿವೆ: ಹಗ್ಗವನ್ನು ಅಂಚಿನಿಂದ ಮೇಲೆತ್ತಿ ಎತ್ತರದ ಆ್ಯಂಕರಿಗೆ ಕಟ್ಟಬಹುದು, ಪಕ್ಕದಲ್ಲಿ ಇನ್ನೊಂದು ಕಾಲು ಕುಣಿಕೆ ಇಳಿಬಿಡಬಹುದು. ಇವನ್ನೆಲ್ಲ ಇಳಿಯುವ ಮೊದಲೇ ಕಟ್ಟಿರಬೇಕು.

ಹಗ್ಗದಲ್ಲಿ ಅಲ್ಲಾಡದೆ ನೇತಾಡುವುದು ಸುಮ್ಮನೆ ಬೇಸರದ ವಿಷಯವಲ್ಲ ಎನ್ನುವುದನ್ನೂ ತಿಳಿದಿರಿ. ಸುಸ್ತಾಗಿಯೋ ತಲೆಗೆ ಪೆಟ್ಟು ಬಿದ್ದೋ ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ ಜೋತವನ ರಕ್ತ ಕಾಲುಗಳಲ್ಲೇ ನಿಲ್ಲುತ್ತದೆ. ನಿಮಿಷಗಳ ಲೆಕ್ಕದಲ್ಲಿ ಪ್ರಾಣಕ್ಕೆ ಸಂಚಕಾರ. ಮೇಲಿನಿಂದ ಯಾರಾದರೂ ಬಂದು ಇಳಿಸುವಷ್ಟು ಹೊತ್ತು ಇರುವುದಿಲ್ಲ. ಜತೆಗಿರುವವರೇ ಅದೇ ಹಗ್ಗದಲ್ಲಿ ಹತ್ತಿ ಹೋಗಿ ಇಳಿಸಬೇಕು. ನಿಮ್ಮ ಗುಂಪಿನಲ್ಲಿ ಅದು ಬರುವವರು ಎಷ್ಟು ಜನ? ನನಗೆ ಉತ್ತರ ಕಳಿಸಬೇಕಿಲ್ಲ, ನಿಮ್ಮ ನಿಮ್ಮಲ್ಲೇ ಎಣಿಸಿ.

ಇಳಿಯುವುದೂ ನೀವಂದುಕೊಂಡಷ್ಟು ಸಲೀಸಲ್ಲ. ಸ್ಟ್ಯಾಟಿಕ್ ಹಗ್ಗ ಮೀಟರಿಗೆ 70-80 ಗ್ರಾಂ ತೂಗುತ್ತದೆ. 200 ಮೀಟರ್ ಹಗ್ಗವೆಂದರೆ 15 ಕಿಲೋ ಆಸುಪಾಸು. ಮೇಲೆ ಶುರು ಮಾಡುವಾಗ ಆ ಭಾರವೆಲ್ಲ ಕೆಳಗೆ ಜಗ್ಗುತ್ತಿರುತ್ತದೆ, ಇಳಿಯುವ ಸಾಧನವಾದ ಡಿಸೆಂಡರಿನಲ್ಲಿ ಹಗ್ಗವನ್ನು ಕೈಯಾರೆ ಎತ್ತಿ ಎತ್ತಿ ಕೊಡಬೇಕು. ತಳ ಹತ್ತಿರವಾದಂತೆ ಭಾರ ಕಡಿಮೆಯಾಗಿ ವೇಗ ತಾನಾಗಿ ಏರುತ್ತದೆ. ರಾಮನಗರದಲ್ಲಿ ರ್‍ಯಾಪೆಲ್ ಮಾಡುವ ಹುರುಪಿನಲ್ಲಿ ಸರ್ರನೆ ಜಾರಿದರೆ ಡಿಸೆಂಡರ್ ಮುಟ್ಟಲಾರದಷ್ಟು ಕಾಯುತ್ತದೆ. ಕಾದ ಲೋಹವನ್ನು ಒಂದೇ ಕಡೆ ನಿಲ್ಲಿಸಿದರೆ ನೈಲಾನಿನ ಮೇಲ್ಪದರ ಸುಟ್ಟು ಮಿರುಗುತ್ತದೆ. ಮತ್ತೆ, ಕಲ್ಲು. 158 ಮೀಟರ್ ಎತ್ತರದ ಬಾಯಿಯಿಂದ ಜಾರಿದ ಒಂದು ಕಲ್ಲು ತಳ ಮುಟ್ಟಲು ಆರು ಸೆಕೆಂಡೂ ಬೇಡ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಮುಟ್ಟುವಾಗಿನ ವೇಗ ಗಂಟೆಗೆ 200 ಕಿಲೋಮೀಟರ್. ಅಂಚಿನಲ್ಲಿ ಮೇಕೆ ಓಡಾಡಿದರೂ ಸಾಕು, ಸೆಲ್ಫಿಗೆಂದು ಬಗ್ಗಿದವರ ಕಾಲಡಿಯ ಜಲ್ಲಿಯೂ ಸಾಕು. "ಕಲ್ಲು!" ಎಂದು ಕೂಗುವುದೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೋಣೆ ಎಷ್ಟು ದೊಡ್ಡದೆಂದರೆ ಮಾತು ಪ್ರತಿಧ್ವನಿಯಲ್ಲಿ ಕಲಸಿಹೋಗಿ ಬರೀ ಗದ್ದಲ ಉಳಿಯುತ್ತದೆ. ವಾಕಿಟಾಕಿ ಬೇಕು, ಅದು ಕೆಟ್ಟರೆ ಸೀಟಿಯ ಸಂಜ್ಞೆ ಎಲ್ಲರಿಗೂ ಬಾಯಿಪಾಠವಾಗಿರಬೇಕು.

ಇನ್ನು ಕಲ್ಲಿನ ಗುಣ. ಬಾದಾಮಿಯ ಮರಳುಗಲ್ಲು ಕೈಗೆ ಒರಟು, ಆದರೆ ಪ್ರಾಮಾಣಿಕ. ಸುಣ್ಣಕಲ್ಲು ಒಂದು ಕಡೆ ಅಂಗೈ ಕೂರುವಂಥ ಚೆಂದದ ಗುಂಡಿ ಕೊಡುತ್ತದೆ, ಪಕ್ಕದಲ್ಲೇ ಬ್ಲೇಡಿನಷ್ಟು ಚೂಪು ಅಂಚು ಇಟ್ಟಿರುತ್ತದೆ. ಮಳೆ ನೀರು ಕೊರೆದ ಆ ಅಂಚುಗಳ ಮೇಲೆ ಹಗ್ಗ ಉಜ್ಜಿದರೆ ಹೊದಿಕೆ ಹರಿಯಲು ಹೆಚ್ಚು ಹೊತ್ತು ಬೇಡ. ಹಳೆಯ ಕ್ಯಾನ್ವಾಸ್ ಪೈಪನ್ನು ಸೀಳಿ ಹಗ್ಗಕ್ಕೆ ಸುತ್ತುವುದು ಗುಹೆಗೆ ಇಳಿಯುವವರ ಹಳೆಯ ಅಭ್ಯಾಸ, ನಾಚಿಕೆಪಡದೆ ಮಾಡಿ. ಛಾವಣಿಯಿಂದ ಇಳಿಬಿದ್ದ ಸುಣ್ಣದ ಕೋಡುಗಳನ್ನು ತಬ್ಬಿ ಹತ್ತುವುದು ಚಿತ್ರದಲ್ಲಿ ಸೊಗಸು. ಕೆಲವು ಕಲ್ಲಿನಷ್ಟೇ ಗಟ್ಟಿ, ಕೆಲವು ಒಳಗೆ ಪೊಳ್ಳು. ಗೆಣ್ಣಿನಿಂದ ಬಡಿದು ಸದ್ದು ಕೇಳದೆ ಯಾವುದಕ್ಕೂ ಮೈಭಾರ ಕೊಡಬೇಡಿ. ಹನಿ ಹನಿಯಾಗಿ ಬೆಳೆಯಲು ಸಾವಿರಾರು ವರ್ಷ ತೆಗೆದುಕೊಂಡದ್ದನ್ನು ಮುರಿದು ಬೀಳಿಸುವ ಹಕ್ಕು ನಮಗಿದೆಯೇ ಎಂಬುದು ಬೇರೆ ಪ್ರಶ್ನೆ. ನನ್ನನ್ನು ಕೇಳಿದರೆ ಇಲ್ಲ.

ಬೋಲ್ಟಿನ ಮಾತೂ ಇದೆ. ಹಳೆಯ ಬೋಲ್ಟ್ ಕಂಡಾಕ್ಷಣ ನಂಬಿಬಿಡುವ ಚಾಳಿ ನಮ್ಮವರಲ್ಲಿ ಹೆಚ್ಚು. ಸಮುದ್ರದ ಹತ್ತಿರದ ಸುಣ್ಣಕಲ್ಲಿನಲ್ಲಿ ಸ್ಟೇನ್‌ಲೆಸ್ ಸ್ಟೀಲು ಕೂಡ ಉಪ್ಪಿನ ಕ್ಲೋರೈಡಿಗೆ ಒಳಗೊಳಗೇ ಬಿರಿಯುತ್ತದೆ, ಹೊರಗೆ ತುಕ್ಕೂ ಕಾಣದಿರಬಹುದು. ಥಾಯ್ಲೆಂಡಿನ ಕರಾವಳಿಯ ರೈಲೇಯಲ್ಲಿ ಹೀಗೆ ಬೋಲ್ಟ್‌ಗಳು ಮುರಿದ ಮೇಲೆ ಟೈಟಾನಿಯಂ ಬೋಲ್ಟ್‌ಗಳನ್ನು ಅಂಟಿನಿಂದ ಕೂರಿಸತೊಡಗಿದರು. ನೀವು ಹೋಗುವ ಗೋಡೆ ಸಮುದ್ರಕ್ಕೆ ಎಷ್ಟು ದೂರ, ಬೋಲ್ಟ್ ಯಾರು ಯಾವಾಗ ಹಾಕಿದ್ದು ಎಂದು ಕೇಳದೆ ಕ್ವಿಕ್‌ಡ್ರಾ ಸಿಕ್ಕಿಸಬೇಡಿ. ನೀವೇ ಡ್ರಿಲ್ ಹಿಡಿದು ಹೋಗುವುದಂತೂ ಬೇಡವೇ ಬೇಡ.

ಏಕೆಂದರೆ ಅದು ನಮ್ಮ ನೆಲವಲ್ಲ. ಮಜ್ಲಿಸ್ ಅಲ್ ಜಿನ್ನನ್ನು 2008ರಲ್ಲಿ ಸರ್ಕಾರ ಸಾರ್ವಜನಿಕರಿಗೆ ಮುಚ್ಚಿತು. 2014ರ ಆ ತಂಡಕ್ಕೂ ಬೇರೆಯಾಗಿ ಅನುಮತಿ ಕೊಡಬೇಕಾಯಿತು. ಇವತ್ತಿನ ನಿಯಮವನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ಕೇಳಿ ಲಿಖಿತವಾಗಿ ಪಡೆಯಿರಿ. "ಯಾರೂ ಕೇಳಲ್ಲ ಬಿಡಿ ಸಾರ್" ಎನ್ನುವ ಗೈಡ್ ಸಿಗುತ್ತಾನೆ, ಅವನ ಮಾತಿಗೆ ನಿಮ್ಮ ವೀಸಾ ಒತ್ತೆ ಇಡಬೇಡಿ. ಪ್ರಸ್ಥಭೂಮಿಯಲ್ಲಿ ಮೇಕೆ ಕಾಯುವ ಕುಟುಂಬಗಳಿವೆ. ಅವರ ನೀರಿನ ತೊಟ್ಟಿಯ ಪಕ್ಕ ಗಾಡಿ ನಿಲ್ಲಿಸಿ ಹಾಡು ಹಾಕುವವರು ನಾವೇ ಎಂದು ಅಲ್ಲಿ ಹೆಸರಾಗದಿರಲಿ. ಹಿರಿಯರು ಕಂಡರೆ ಸಲಾಂ ಹೇಳಿ, ಅವರು ಕೊಡುವ ಖರ್ಜೂರ ಮತ್ತು ಕಾಫಿಗೆ ಕೂತುಕೊಳ್ಳಿ. ಯಾವ ಅಂಚು ಸಡಿಲ, ಮಳೆ ಬಂದರೆ ಯಾವ ತೂತಿಗೆ ನೀರು ನುಗ್ಗುತ್ತದೆ ಎನ್ನುವುದು ಅವರಷ್ಟು ಯಾರಿಗೂ ಗೊತ್ತಿಲ್ಲ.

ಗುಳಿಗಳಿಗೆ ನಮಗಿಂತ ಮೊದಲಿನ ಬಾಡಿಗೆದಾರರೂ ಇದ್ದಾರೆ. ಸಲಾಲಾ ಕಡೆಯ ತವಿ ಅತೈರ್ ಗುಳಿ 211 ಮೀಟರ್ ಆಳ, ಅದರ ತುಂಬ ಹಕ್ಕಿಗಳ ಸಂಸಾರ. ಮೆಕ್ಸಿಕೋದ ಸೋತನೊ ದೆ ಲಾಸ್ ಗೊಲೊಂದ್ರಿನಾಸ್ ಗುಳಿಯಲ್ಲಿ ತಗ್ಗಿನ ಅಂಚಿನಿಂದಲೇ 333 ಮೀಟರ್ ನೇರ ಇಳಿತವಿದೆ. ಅಲ್ಲಿ ಬೆಳಿಗ್ಗೆ ಬಾನಾಡಿಗಳು ಸುಳಿ ಸುಳಿಯಾಗಿ ಹೊರಡುವಾಗ, ಸಂಜೆ ಮರಳುವಾಗ ಹಗ್ಗ ಬಿಡುವಂತಿಲ್ಲ. ನಮ್ಮಲ್ಲೂ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾದಾಗ ಹತ್ತುವವರು ಒಂದಿಷ್ಟು ಗೊಣಗಿದರು, ಆಮೇಲೆ ಬೇರೆ ಬಂಡೆ ನೋಡಿಕೊಂಡರು. ಯಾಣದ ಕಪ್ಪು ಶಿಖರಗಳೂ ಸುಣ್ಣಕಲ್ಲೇ, ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಎಂಥ ಗೋಡೆ! ಆದರೂ ದೇವರ ನೆತ್ತಿಗೆ ಬೋಲ್ಟ್ ಹೊಡೆಯೋಣ ಎಂದು ನಮ್ಮಲ್ಲಿ ಯಾರೂ ಹೊರಡಲಿಲ್ಲ. ಆ ಸಂಕೋಚವನ್ನು ವಿಮಾನ ಹತ್ತುವಾಗ ಊರಲ್ಲೇ ಬಿಟ್ಟು ಹೋಗುವುದು ಸರಿಯಲ್ಲ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ಈ ಚಳಿಗಾಲವನ್ನು ಹಗ್ಗಕ್ಕೆ ಕೊಡಿ. ಪರವಾನಗಿ ಇರುವ, ಗುಹೆ ಇಳಿಸಿ ಅನುಭವವಿರುವ ತರಬೇತುದಾರರನ್ನು ಹುಡುಕಿ, ಮಸ್ಕತ್ತಿನ ಸುತ್ತಲಿನ ಯಾವುದಾದರೂ ವಾದಿಯಲ್ಲಿ ಮುಂದಕ್ಕೆ ಬಾಗಿದ 25-30 ಮೀಟರ್ ಗೋಡೆಗೆ, ಕೆಳಗೂ ಮೇಲೂ ನಡೆದೇ ಹೋಗಬಹುದಾದ ಕಡೆ, ಹಗ್ಗ ಕಟ್ಟಿಸಿ. ಒಬ್ಬೊಬ್ಬರೂ ನೆಲ ಮುಟ್ಟಿದ ಕೂಡಲೇ ತಿರುಗಿ ಹತ್ತುತ್ತ, ನಿಲ್ಲದೆ ಆರು ಸಲ ಮೇಲೆ ಹೋಗಿ ಬನ್ನಿ. ನಡುಹಗ್ಗದಲ್ಲಿ ಏರುವುದರಿಂದ ಇಳಿಯುವುದಕ್ಕೆ, ಇಳಿಯುವುದರಿಂದ ಏರುವುದಕ್ಕೆ ಬದಲಾಯಿಸಿ, ಆಮೇಲೆ ಅದನ್ನೇ ಹೆಡ್‌ಲ್ಯಾಂಪ್ ಆರಿಸಿ ಕತ್ತಲಲ್ಲಿ ಮಾಡಿ. ಗಂಟಿನ ಮೇಲೆ ಹಾದುಹೋಗುವುದು, ಅಂಚು ದಾಟುವುದು, ಜೋತವನನ್ನು ಇಳಿಸುವುದು, ಮೂರೂ ಎಲ್ಲರಿಗೂ ಬರಲಿ. ಇದು ಬರದವರು ಮೇಲೆ ನಿಂತು ಅಂಚಿನ ಕೆಲಸ ನೋಡಿಕೊಳ್ಳಲಿ, ಅದೇನೂ ಕೀಳು ಕೆಲಸವಲ್ಲ. ಗುಂಪಿನ ತಂಗಿಯರಿಗೆ ಒಂದು ಮಾತು: ಜುಮಾರಿನಲ್ಲಿ ತೋಳುಬಲಕ್ಕಿಂತ ಲಯ ಮುಖ್ಯ. ಜಿಮ್ ತೋಳಿನ ಅಣ್ಣಂದಿರು ಏದುಸಿರು ಬಿಡುವಾಗ ನೀವು ಸಲೀಸಾಗಿ ದಾಟಿ ಹೋಗುವುದನ್ನು ಅವರು ನೋಡಲಿ.

ಅಲ್ಲಿಯವರೆಗೆ ಗುಳಿ ನೋಡುವ ಆಸೆಗೆ ಸೂರ್ ರಸ್ತೆಯಲ್ಲಿ ಹವಿಯತ್ ನಜ್ಮ್ ಇದೆ. 20 ಮೀಟರ್ ಆಳ, ಹಸಿರುನೀಲಿ ನೀರಿಗೆ ಮೆಟ್ಟಿಲು ಕಟ್ಟಿದ್ದಾರೆ. ಮೆಟ್ಟಿಲಲ್ಲೇ ಇಳಿಯಿರಿ, ದಂಡೆಯಿಂದ ಹಾರುವ ಹುಡುಗರ ಜತೆ ಪೈಪೋಟಿ ಬೇಡ.

ಇಷ್ಟೆಲ್ಲ ಮುಗಿಸಿ, ಅನುಮತಿ ಪತ್ರ ಕೈಯಲ್ಲಿ ಹಿಡಿದು, ಸಲ್ಮಾಕ್ಕೆ ಹೊರಡುವ ದಿನ ಬಂದರೆ ಖಂಡಿತ ಹೋಗಿ. ನಿಮ್ಮ ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ಮೊದಲು ಓದಿ, ಬಹಳ ವಿಮೆಗಳಲ್ಲಿ ಹಾಗೆಯೇ ಇರುತ್ತದೆ. ಎಷ್ಟು ಗಂಟೆಗೆ ಹೊರಬರುತ್ತೀರಿ ಎಂದು ಮಸ್ಕತ್ತಿನಲ್ಲಿ ಒಬ್ಬರಿಗೆ ಬರೆದುಕೊಟ್ಟಿರಿ. ಒಮಾನಿನ ತುರ್ತು ಸಂಖ್ಯೆ 9999. ಗುಳಿಯ ತಳದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಹಾಗಾಗಿ ಫೋನ್ ಹಿಡಿದ, ಹಗ್ಗ ಬಲ್ಲ ಇಬ್ಬರನ್ನಾದರೂ ಮೇಲೆಯೇ ಇರಿಸಿ ಇಳಿಯಿರಿ.

ನಿಮ್ಮ ಹಿತೈಷಿ,
ಊರಿಗೆ ಮರಳಿದ ಒಬ್ಬ ಹಳೆಯ ಮಸ್ಕತ್ತಿಗ